ಹಾಳೆ ಕಿರೀಟದ ವ್ಯಾಪಾರ

ಕಲಾವಿದರ ಬಾಲ್ಯವನ್ನು ಬರೆಯುವವರಿಗೆ ಒಂದು ಚಪಲ. ಮುಂದೆ ಆದದ್ದಕ್ಕೆಲ್ಲ ಹಿಂದೆ ಒಂದು ಶಕುನ ಹುಡುಕದೆ ಅವರಿಗೆ ಸಮಾಧಾನವಿಲ್ಲ. ಗೋಡೆಗೆ ಮಸಿ ಗೀಚಿ ಪೆಟ್ಟು ತಿನ್ನದ ಮಗು ನಮ್ಮ ಕಡೆ ಯಾವುದಿದೆ? ಅದು ಬೆಳೆದು ಬ್ಯಾಂಕ್ ಮ್ಯಾನೇಜರ್ ಆದರೆ ಆ ಮಸಿಯ ಸುದ್ದಿ ಯಾರೂ ಎತ್ತುವುದಿಲ್ಲ. ಚಿತ್ರಕಾರನಾದರೆ ಮಾತ್ರ ಬೆಳೆಯುವ ಸಿರಿಯ ಮೊಳಕೆ ಅಲ್ಲೇ ಕಂಡಿತ್ತು ಎನ್ನುತ್ತಾರೆ. ಹಾಗಾಗಿ ನನ್ನ ಕಿರೀಟದ ವ್ಯಾಪಾರಕ್ಕೆ ಅಷ್ಟು ದೊಡ್ಡ ಹೆಸರು ಕೊಡಲು ಸಂಕೋಚ. ಆದರೂ ಪುಸ್ತಕಗಳಿಗೆ ಮುಖಪುಟ ಮಾಡಿ ಅನ್ನ ತಿನ್ನುವ ನನಗೆ ಕಸುಬು ಹತ್ತಿದ್ದು ಅಲ್ಲಿಂದಲೇ.

ಹೊರಗಿನವರಿಗೆ ನಮ್ಮೂರು ಹೆಮ್ಮಾಡಿ ಎಂದರೆ ಹೆದ್ದಾರಿಯಿಂದ ಕೊಲ್ಲೂರಿಗೆ ತಿರುಗುವ ಜಾಗ. ಹುಡುಗರಾದ ನಮಗೆ ಅದು ಯಕ್ಷಗಾನದ ಆಟದ ಊರು. ಗದ್ದೆ ಕೊಯ್ಲು ಮುಗಿದು ಮೇಳಗಳು ಹೊರಟವೆಂದರೆ ಇವತ್ತು ಈ ಬಯಲು, ನಾಳೆ ಆ ಬಯಲು. ಮಾರಣಕಟ್ಟೆ ಮೇಳದ ಹರಕೆಯಾಟ ರಾತ್ರಿ ಮುಗಿದರೆ ಮರುದಿನ ಮಧ್ಯಾಹ್ನ ನಮ್ಮ ಮೇಳ ಶುರು. ಸೀರೆ ಅಮ್ಮನದು, ಚಂಡೆ ಡಾಲ್ಡಾ ಡಬ್ಬಿಯದು, ಭಾಗವತಿಕೆ ಗಂಟಲು ದೊಡ್ಡದಿದ್ದವನದು. ಕಿರೀಟ ಮಾತ್ರ ಎಲ್ಲಿಂದ? ಮೇಳದವರದ್ದು ಹಗುರ ಮರದಲ್ಲಿ ಕೆತ್ತಿ ಬೇಗಡೆ ಹಚ್ಚಿದ್ದು; ಮುಟ್ಟಲೂ ಬಿಡುತ್ತಿರಲಿಲ್ಲ. ನಾನು ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ ಬಗ್ಗಿಸಿ, ಹಿಡಿಸೂಡಿ ಕಡ್ಡಿ ಚುಚ್ಚಿ, ಗೂಡಂಗಡಿ ಎದುರು ಹೆಕ್ಕಿದ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನು ಗೇರುಮರದ ಅಂಟಿನಿಂದ ಮೆತ್ತುತ್ತಿದ್ದೆ. ಕೌರವನಿಗೆ ಒಂದು ಕಿಸೆ ಗೇರುಬೀಜ, ದೂತನಿಗೆ ಒಂದು ಮುಷ್ಟಿ. ಬೀಜ ಅಂಗಡಿಗೆ ಹೋಗಿ ಕಾಸಾಗುತ್ತಿತ್ತು, ಕಾಸು ಬಣ್ಣದ ಡಬ್ಬಿಯಾಗುತ್ತಿತ್ತು. ಆಟದ ಕಾಲವೂ ಗೇರಿನ ಕಾಲವೂ ಒಟ್ಟಿಗೆ ಬರುವ ಊರಿನಲ್ಲಿ ಹುಟ್ಟಿದ್ದು ನನ್ನ ಪುಣ್ಯ.

ಮೊದಲ ಗಿರಾಕಿ ಕಿರೀಟವನ್ನು ತಿರುಗಿಸಿ ಮುರುಗಿಸಿ ನೋಡಿ, ತಲೆಗಿಟ್ಟು, ತೆಗೆದು, “ಚಂದ ಇತ್ತ್ ಮರಾಯಾ, ಆರೆ ನನ್ ತಲಿಗ್ ಕೂಕಂತಿಲ್ಲೆ” ಎಂದ. ಚಂದ ಬೇರೆ, ತಲೆಗೆ ಕೂರುವುದು ಬೇರೆ! ನಾನು ಓದಿದ ಯಾವ ವಿಮರ್ಶೆಯೂ ಅದಕ್ಕಿಂತ ಚುಟುಕಾಗಿಲ್ಲ. ಅಂದಿನಿಂದ ಬಾಳೆನಾರು ಹಿಡಿದು ಗಿರಾಕಿಯ ತಲೆ ಅಳೆಯದೆ ಹಾಳೆಗೆ ಕತ್ತಿ ತಾಗಿಸಲಿಲ್ಲ.

ನಮ್ಮೂರ ಸೇವಂತಿಗೆಗೂ ಇಂಥದೇ ಒಂದು ಅಳತೆಯುಂಟು. ಸಣ್ಣ ಹಳದಿ ಹೂ. ಹೆಮ್ಮಾಡಿ ಸೇವಂತಿಗೆ ಎಂದೇ ಹೆಸರು. ಮಳೆಗಾಲದಲ್ಲಿ ಗಿಡ ನೆಟ್ಟವರ ಕಣ್ಣೆಲ್ಲ ಜನವರಿಯ ಮಕರ ಸಂಕ್ರಮಣದ ಮೇಲೆ. ಅಂದು ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆ. ಹೂವಿಗೆ ಬೆಲೆ ಅಲ್ಲಿ. ಮೋಡ ಕವಿದೋ ಚಳಿ ಹೆಚ್ಚುಕಮ್ಮಿಯಾಗಿಯೋ ಹೂ ಹಿಂದೆಮುಂದೆ ಅರಳಿದರೆ ಗದ್ದೆ ನೋಡಲು ಚಂದವೇ, ಕಿಸೆ ಮಾತ್ರ ಖಾಲಿ. ಪ್ರಕಾಶಕರು ಬಿಡುಗಡೆಯ ತಾರೀಕು ಹೇಳಿದಾಗ ನನಗೆ ಈಗಲೂ ಸೇವಂತಿಗೆ ಗದ್ದೆಯವರ ಮುಖ ಕಣ್ಣಿಗೆ ಬರುತ್ತದೆ.

ಸುತ್ತಮುತ್ತ ನೋಡಿದರೆ ದೊಡ್ಡವರ ಕತೆಯಲ್ಲೂ ಈ ಗಿರಾಕಿ ಇದ್ದೇ ಇದ್ದಾನೆ. ಚಿತ್ರಕಲಾವಿದ ಕೆ. ಕೆ. ಹೆಬ್ಬಾರರು 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ತಂದೆ ಚೌತಿಗೆ ಗಣಪತಿ ಮೂರ್ತಿ ಮಾಡುತ್ತಿದ್ದರು. ಚೌತಿ ಕಳೆದ ಮರುದಿನ ಎಂಥ ಸುಂದರ ಗಣಪತಿಯನ್ನೂ ಯಾರೂ ಕೇಳುವುದಿಲ್ಲ ಎಂಬುದು ಅಂಥ ಮನೆಯ ಮಗುವಿಗೆ ಹೇಳಿಕೊಡಬೇಕಾದ ಪಾಠವಲ್ಲ. ಅವರು ಮುಂಬಯಿ, ಪ್ಯಾರಿಸ್ ಎಂದು ಕಲಿತು, 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪಡೆದರು. ಕುಂದಾಪುರದ ಸತೀಶ್ ಆಚಾರ್ಯರು ಕಲಿಯುವ ಕಾಲದಲ್ಲೇ ಕನ್ನಡ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಕಳಿಸಿ ಕೈಖರ್ಚಿನ ಕಾಸು ಕಂಡವರು. ಎಂಬಿಎ ಓದಿದರೂ ರೇಖೆ ಬಿಡಲಿಲ್ಲ. ಮುಂಬಯಿಯ ‘ಮಿಡ್ ಡೇ’ಯಲ್ಲಿ ವ್ಯಂಗ್ಯಚಿತ್ರಕಾರರಾದರು. ಹೆಮ್ಮಾಡಿಗೆ ಹತ್ತಿರದ ಉಪ್ಪಿನಕುದ್ರುವಿನಲ್ಲಿ ದೇವಣ್ಣ ಕಾಮತ್, ಕೊಗ್ಗ ಕಾಮತ್, ಭಾಸ್ಕರ ಕೊಗ್ಗ ಕಾಮತ್ ಎಂದು ಒಂದೇ ಮನೆಯವರು ಯಕ್ಷಗಾನ ಗೊಂಬೆಯಾಟ ಉಳಿಸಿಕೊಂಡು ಬಂದಿದ್ದಾರೆ. ಆ ಗೊಂಬೆಗಳ ಕಿರೀಟ ಎಷ್ಟು ಪುಟ್ಟದು! ಆದರೂ ಬಡಗುತಿಟ್ಟಿನ ಗತ್ತು ಒಂದಿಷ್ಟೂ ತಗ್ಗಿಲ್ಲ. ಆ ಕಿರೀಟ ನೋಡಿದಾಗಲೆಲ್ಲ ನನ್ನ ಮೊದಲ ಗಿರಾಕಿಯನ್ನು ಕರೆದುಕೊಂಡು ಬಂದು ತೋರಿಸಬೇಕೆನಿಸುತ್ತದೆ.

ಈಗ ನನ್ನಲ್ಲಿಗೆ ಬರುವವರು ಕವಿಗಳು, ಕಾದಂಬರಿಕಾರರು. ಕೇಳುವುದು ಮಾತ್ರ ಅಂದಿನ ಕೌರವ ಕೇಳಿದ್ದನ್ನೇ: “ಇನ್ನೂ ಸ್ವಲ್ಪ ಹೊಳಪು ಬರಲಿ.” ನಾಲ್ಕು ಸಾಲಿನ ಹನಿಗವನ ಬರೆದವರಿಗೂ ಇಡೀ ಅರಬ್ಬಿ ಸಮುದ್ರದ ಸೂರ್ಯಾಸ್ತ ಬೇಕು. ನಾನು ತಕರಾರು ಮಾಡುವುದಿಲ್ಲ. ಹಸ್ತಪ್ರತಿ ಕೇಳಿ ಪಡೆದು ಪೂರ್ತಿ ಓದುತ್ತೇನೆ. ಬಾಳೆನಾರು ಹಿಡಿಯುವುದು ಎಂದರೆ ಇದೇ. ಪುಸ್ತಕದ ಅಳತೆ ಸಿಕ್ಕಿದ ಮೇಲೆ ಸೂರ್ಯ ತಾನಾಗಿ ಒಂದು ಮೂಲೆಗೆ ಸರಿಯುತ್ತಾನೆ.

“ಹುಡುಗನಿಗೆ ಕೈಚಳಕ ಉಂಟು, ಯಾವ ಕ್ಲಾಸಿಗೆ ಸೇರಿಸುವುದು?” ಎಂದು ಕೇಳುವ ತಂದೆತಾಯಿಯರಿಗೆ ನನ್ನದೊಂದೇ ಸಲಹೆ. ಮೊದಲು ಅವನು ಮಾಡಿದ ಏನನ್ನಾದರೂ ಪಕ್ಕದ ಮನೆಗೆ ಮಾರಲು ಕಳಿಸಿ. ಕೊಂಡರೆ ಒಳ್ಳೆಯದಾಯಿತು. ಕೊಳ್ಳದಿದ್ದರೂ ಏಕೆಂದು ಅವರೇ ಹೇಳುತ್ತಾರೆ. ನಮ್ಮ ಕಡೆಯವರು ಕಾಸು ಬಿಚ್ಚುವುದಕ್ಕೆ ಹಿಂದೆಮುಂದೆ ನೋಡಿಯಾರು, ಅಭಿಪ್ರಾಯಕ್ಕೆ ಎಂದೂ ಜಿಪುಣತನ ಮಾಡಿದವರಲ್ಲ.