ಸಾವಿರಕ್ಕೊಂದು ಆಮೆ

ಕಡಲಾಮೆಯ ಮರಿಗಳೆಲ್ಲ ಹುಟ್ಟಿನಿಂದಲೇ ಅನಾಥ. ತಾಯಿ ದಡಕ್ಕೆ ಬಂದು, ಮರಳು ತೋಡಿ, ನೂರರಷ್ಟು ಮೊಟ್ಟೆಯಿಟ್ಟು ಮುಚ್ಚಿ, ತಿರುಗಿಯೂ ನೋಡದೆ ನೀರಿಗಿಳಿಯುತ್ತದೆ.

ಚೆನ್ನೈ ದಡದಲ್ಲಿ ಆಲಿವ್ ರಿಡ್ಲಿ ಆಮೆಗಳು ಹೆಚ್ಚಾಗಿ ಮೊಟ್ಟೆಯಿಡುವುದು ಜನವರಿಯಿಂದ ಮಾರ್ಚ್‌ವರೆಗೆ. 1988ರಲ್ಲಿ ಶುರುವಾದ ವಿದ್ಯಾರ್ಥಿಗಳ ತಂಡ ಎಸ್‌ಎಸ್‌ಟಿಸಿಎನ್ ಆಗ ನೀಲಾಂಕರೈಯಿಂದ ಬೆಸೆಂಟ್ ನಗರದವರೆಗೆ ರಾತ್ರಿ ನಡೆದು, ನಾಯಿಗಳಿಗೆ ಸಿಗುವ ಮೊದಲೇ ಮೊಟ್ಟೆ ಹುಡುಕಿ, ಬೇಲಿಯೊಳಗೆ ಮತ್ತೆ ಹೂಳುತ್ತದೆ. ಸುಮಾರು ನಲವತ್ತೈದು ದಿನಕ್ಕೆ ಮರಿಗಳು ಬರುತ್ತವೆ. ಬೀದಿದೀಪವನ್ನೇ ಕಡಲಿನ ಹೊಳಪೆಂದು ನಂಬಿ ಅವು ರಸ್ತೆಯತ್ತ ಓಡದಂತೆ ನೀರಂಚಿಗೆ ತಂದು ಬಿಡುತ್ತಾರೆ.

ಬೆಂಗಳೂರು ಬಿಟ್ಟು ಇಲ್ಲಿಗೆ ಬಂದ ಮೇಲೆ ಒಂದು ಶನಿವಾರ ನಾನೂ ಅವರೊಂದಿಗೆ ನಡೆದೆ. "ಸಾವಿರದಲ್ಲಿ ಒಂದು ದೊಡ್ಡದಾದರೆ ಹೆಚ್ಚು ಸಾರ್" ಅಂದಳು ಕಾಲೇಜಿನ ಹುಡುಗಿಯೊಬ್ಬಳು. ಆಫೀಸಿನಲ್ಲಿ ಇಂಥ ಅಂಕಿ ತೋರಿಸಿದರೆ ಪ್ರಾಜೆಕ್ಟನ್ನು ಅಂದೇ ಮುಚ್ಚುತ್ತಾರೆ. ಅವಳು ಟಾರ್ಚ್ ಆರಿಸಿ ಮುಂದೆ ನಡೆದಳು.

2025ರ ಜನವರಿಯಲ್ಲಿ ಚೆನ್ನೈ ಸುತ್ತಲಿನ ದಡಕ್ಕೆ ನೂರಾರು ದೊಡ್ಡ ಆಮೆಗಳು ಹೆಣವಾಗಿ ಬಂದವು. ಆಮೆ ಉಸಿರಿಗಾಗಿ ಮೇಲೆ ಬರಲೇಬೇಕು. ಟ್ರಾಲರ್ ಬಲೆಯಲ್ಲಿ ಸಿಕ್ಕಿಬಿದ್ದರೆ ಉಸಿರುಗಟ್ಟುತ್ತದೆ. ಬಲೆಗೆ ಆಮೆ ಪಾರಾಗುವಂಥ ಕಿಂಡಿ ಇಡಬಹುದು, ಅದಕ್ಕೆ ಟೆಡ್ ಎನ್ನುತ್ತಾರೆ. ಮೀನೂ ಜಾರಿಹೋಗುತ್ತದೆಂಬುದು ಮೀನುಗಾರರ ಅಳುಕು. ಅವರ ಮನೆಯ ಒಲೆಯೂ ಉರಿಯಬೇಕಲ್ಲ?

ಆದರೂ ಲೆಕ್ಕ ಹಾಕಿ: ಸಾವಿರ ಮೊಟ್ಟೆಯೆಂದರೆ ಹತ್ತು ಗೂಡು. ಒಂದು ತಾಯಿ ಸತ್ತರೆ ಆ ಮಕ್ಕಳು ಹತ್ತು ಗೂಡು ಕಾದದ್ದು ನೀರುಪಾಲು. ಆ ನಷ್ಟದ ಪಾಲನ್ನು ಮೀನುಗಾರನೊಬ್ಬನೇ ಹೊರಬೇಕೇ? ಮೀನು ತಿನ್ನುವ ನಾವೂ ಕಿಂಡಿಯಿರುವ ಬಲೆಯ ಮೀನಿಗೆ ನಾಲ್ಕು ಕಾಸು ಹೆಚ್ಚು ಕೊಡಬಹುದು.