ಸದ್ದು ಮಾಡದ ಚಕ್ರ

ಹಳೆಯ ಕಾರೊಂದನ್ನು ಮನೆಯಲ್ಲಿ ಸಾಕಿಕೊಂಡಿರುವವರಿಗೆ ಪಂಚೇಂದ್ರಿಯಗಳಲ್ಲಿ ಕಿವಿಯೇ ಮುಖ್ಯವಾದುದು. ಹೊಸ ಕಾರಿನ ಒಡೆಯರು ತಮ್ಮ ವಾಹನವನ್ನು ಕಣ್ಣಾರೆ ನೋಡಿ ಸಂತೋಷಪಡುತ್ತಾರೆ; ನಾವು ನಮ್ಮದನ್ನು ಕಿವಿಯಾರೆ ಕೇಳಿ ಚಿಂತಿಸುತ್ತೇವೆ. ಬಾಗಿಲಿನ ಕಿರುಗುಟ್ಟು, ಸೀಟಿನ ನರಳಾಟ, ಗಾಜಿನ ಗೊಣಗಾಟ ಇವೆಲ್ಲ ವರ್ಷಗಳಿಂದ ಬಳಕೆಯಾದ ಸ್ವರಗಳು. ಆ ಮೇಳದಲ್ಲಿ ಗುರುತಿಲ್ಲದ ಸ್ವರವೊಂದು ಸೇರಿಕೊಂಡಿತೆಂದರೆ ಮಾತ್ರ ಮನಸ್ಸಿನ ನೆಮ್ಮದಿ ಹಾರಿಹೋಗುತ್ತದೆ.

ನಮ್ಮ ಮನೆಯಲ್ಲಿರುವುದು 1998ರಲ್ಲಿ ಕೊಂಡ ಮಾರುತಿ 800. ಈ ಜಾತಿಯ ಕಾರು ಮೊದಲು ಗಿರಾಕಿಗಳ ಕೈಸೇರಿದುದು 1983ರ ಡಿಸೆಂಬರಿನಲ್ಲಿ. ಅದರ ತಯಾರಿಕೆ ನಿಂತುದು 2014ರಲ್ಲಿ. ಕಾರೆಂದರೆ ಶ್ರೀಮಂತರ ಸೊತ್ತೆಂದು ತಿಳಿದಿದ್ದ ಎಷ್ಟೋ ಸಂಸಾರಗಳಂತೆ ನಮ್ಮ ಸಂಸಾರಕ್ಕೂ ಅದೇ ಮೊದಲನೆಯ ಕಾರು. ಹದಿನೈದು ವರ್ಷ ತುಂಬಿದ ಬಳಿಕ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಡ್ಡಿ, ನೋಂದಣಿ ನವೀಕರಿಸಿ ಅದನ್ನು ಉಳಿಸಿಕೊಂಡು ಬಂದಿದ್ದೇವೆ. ಉಳಿಸಿಕೊಂಡುದಕ್ಕೆ ಮಮತೆಯಷ್ಟೇ ಕಾರಣವಲ್ಲ. ನನ್ನ ಅಕ್ಕನನ್ನು ಮೂರು ತಿಂಗಳಿಗೊಮ್ಮೆ ಕಣ್ಣಿನ ಪರೀಕ್ಷೆಗಾಗಿ ಮೂಡಿಗೆರೆಯಿಂದ ಮಂಗಳೂರಿಗೆ ಕರೆದೊಯ್ಯಬೇಕು. ಬಸ್ಸಿನಲ್ಲಿ ಆಕೆಗೆ ತಲೆ ಸುತ್ತುತ್ತದೆ. ಕೊಟ್ಟಿಗೆಹಾರ ದಾಟಿದೊಡನೆ ಚಾರ್ಮಾಡಿ ಘಾಟಿ. ಅಲ್ಲಿಂದ ಕೆಳಕ್ಕೆ ಒಂದು ಮಗ್ಗುಲಲ್ಲಿ ಬಂಡೆ, ಇನ್ನೊಂದು ಮಗ್ಗುಲಲ್ಲಿ ಕಣಿವೆ. ನಡುವೆ ನಮ್ಮನ್ನು ಕಾಯುವುದು ದೇವರು ಮತ್ತು ಬ್ರೇಕು. ದೇವರ ವಿಷಯದಲ್ಲಿ ನಾವು ಮಾಡಬಹುದಾದುದು ಸ್ವಲ್ಪ. ಬ್ರೇಕಿನ ವಿಷಯದಲ್ಲಿ ಬಹಳವಿದೆ.

ಕಳೆದ ಮಳೆಗಾಲ ಮುಗಿದ ಮೇಲೆ ಮುಂದಿನ ಭಾಗದಿಂದ ಕಟಕಟವೆಂಬ ಸದ್ದು ಏಳತೊಡಗಿತು. ಹೊಂಡಗಳಿರುವ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಅದು ಜೋರು. ನುಣುಪಾದ ಹೆದ್ದಾರಿಯಲ್ಲಿ ಇಲ್ಲವೇ ಇಲ್ಲ. ಕಾರಿನ ಸದ್ದಿನ ಬಗೆಗೆ ಅಭಿಪ್ರಾಯವಿಲ್ಲದ ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ. ನೆರೆಮನೆಯವರು, “ಶಾಕ್ ಅಬ್ಸಾರ್ಬರ್ ಹೋಗಿದೆ” ಎಂದರು. ಭಾವನವರು, “ಕಾರನ್ನೇ ಮಾರಿಬಿಡಿ” ಎಂದು ಎಲ್ಲ ರೋಗಗಳಿಗೂ ಒಂದೇ ಮದ್ದನ್ನು ಸೂಚಿಸಿದರು. ಹಿಂದಿನ ಸೀಟಿನಲ್ಲಿ ಕುಳಿತ ಅಕ್ಕ ಮಾತ್ರ, “ನೀನು ಬ್ರೇಕ್ ಹಾಕಿದಾಗ ಸದ್ದು ನಿಲ್ಲುತ್ತದಲ್ಲೋ” ಎಂದಳು. ಉಳಿದವರೆಲ್ಲ ಸದ್ದು ಏನೆಂದು ಹೇಳಿದರು. ಆಕೆ ಅದು ಯಾವಾಗ ಎಂಬುದನ್ನು ಹೇಳಿದಳು. ರೋಗದ ಗುಟ್ಟು ಆ ‘ಯಾವಾಗ’ದಲ್ಲಿಯೇ ಇದ್ದಿತು.

ನಮ್ಮ ಊರಿನ ಮೇಸ್ತ್ರಿಗಳು ಅರುವತ್ತು ದಾಟಿದವರು, ಮಾತು ಕಡಿಮೆ. ಅಕ್ಕನ ಮಾತನ್ನು ಅವರಿಗೆ ತಿಳಿಸಿದೆ. ಅವರು ಪಕ್ಕದಲ್ಲಿ ಕುಳಿತು, ಗಾಜನ್ನು ಇಳಿಸಿ, ನನ್ನಿಂದ ಕಾರನ್ನು ಮಣ್ಣುರಸ್ತೆಗೆ ಹೊರಡಿಸಿದರು.

“ಮೇಷ್ಟ್ರೇ, ಬ್ರೇಕನ್ನು ಒತ್ತಬೇಡಿ, ಸುಮ್ಮನೆ ಮುಟ್ಟಿ.”

ಮುಟ್ಟಿದೆ. ಸದ್ದು ನಿಂತಿತು. ಕಾಲು ತೆಗೆದೆ, ಮತ್ತೆ ಕಟಕಟ.

“ಈಗ ಹ್ಯಾಂಡ್‌ಬ್ರೇಕನ್ನು ಒಂದೆರಡು ಹಲ್ಲು ಎಳೆಯಿರಿ, ನಿಧಾನವಾಗಿ.”

ಎಳೆದೆ. ಸದ್ದು ಮೊದಲಿನಂತೆಯೇ ಇದ್ದಿತು.

“ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಅದಕ್ಕೆ ಸದ್ದು ಜಗ್ಗಲಿಲ್ಲ. ಕಾಲಿನ ಬ್ರೇಕಿಗೆ ಜಗ್ಗಿತು. ಹಾಗಾದರೆ ಮುಂದಿನ ಬ್ರೇಕೇ. ಅಂದಹಾಗೆ, ಬ್ರೇಕ್ ಹಾಕಿದಾಗ ಗಾಡಿ ಯಾವ ಕಡೆಗಾದರೂ ಎಳೆಯುತ್ತದೆಯೋ?”

“ಈಚೆಗೆ ಎಡಕ್ಕೆ ಒಂದಿಷ್ಟು ಎಳೆಯುತ್ತಿದೆ.”

ಅವರು ಏನನ್ನೂ ಹೇಳದೆ ತಲೆಯಾಡಿಸಿದರು.

ಓದುಗರಲ್ಲಿ ಕಾರಿನ ಒಳಗುಟ್ಟು ಅರಿಯದವರಿಗಾಗಿ ಎರಡು ಮಾತು ಹೇಳಬೇಕು. ಈ ಕಾರಿನ ಮುಂದಿನ ಚಕ್ರಗಳೊಡನೆ ಎರಕದ ಕಬ್ಬಿಣದ ಬಿಲ್ಲೆಯೊಂದು ತಿರುಗುತ್ತದೆ, ಅದೇ ಡಿಸ್ಕ್. ಅದರ ಎರಡು ಮಗ್ಗುಲಲ್ಲಿಯೂ ಒಂದೊಂದು ಪ್ಯಾಡ್. ನಾವು ಬ್ರೇಕನ್ನು ತುಳಿದಾಗ ಕ್ಯಾಲಿಪರ್ ಎಂಬ ಇಕ್ಕಳವು ಆ ಪ್ಯಾಡ್‌ಗಳನ್ನು ಬಿಲ್ಲೆಗೆ ಅದುಮುತ್ತದೆ. ಕಾಲು ತೆಗೆದಾಗ ಪ್ಯಾಡ್ ಹಿಂದೆ ಸರಿಯಬೇಕಾದುದರಿಂದ ಅದು ಕುಳಿತ ಜಾಗದಲ್ಲಿ ಸ್ವಲ್ಪ ಸಡಿಲವಿರಲೇಬೇಕು. ಆ ಸಡಿಲವು ಅಲುಗಾಟವಾಗದಂತೆ ತಡೆಯಲು ತೆಳುವಾದ ಸ್ಪ್ರಿಂಗ್ ಪಟ್ಟಿಗಳಿರುತ್ತವೆ. ಅವು ಇಲ್ಲದಿದ್ದರೆ ಪ್ಯಾಡ್ ಡಬ್ಬಿಯೊಳಗಿನ ಗೋಲಿಯಂತೆ ಕುಣಿಯುತ್ತದೆ. ಬ್ರೇಕನ್ನು ಮುಟ್ಟಿದೊಡನೆ ಇಕ್ಕಳ ಅದನ್ನು ಹಿಡಿದುಕೊಳ್ಳುವುದರಿಂದ ಕುಣಿತ ನಿಲ್ಲುತ್ತದೆ. ಅಕ್ಕ ಕಿವಿಯಿಂದ ಕಂಡುಕೊಂಡುದು ಇದನ್ನೇ.

ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಕಾರಿನ ಭಾರವನ್ನು ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಇಳಿಸಿ ಎಡಗಡೆಯ ಚಕ್ರವನ್ನು ಬಿಚ್ಚಿದರು. ಬೆರಳಿನಿಂದ ಅಲುಗಿಸಿದರೆ ಪ್ಯಾಡ್ ಕಟಕಟನೆ ಆಡಿತು. ಸ್ಪ್ರಿಂಗ್ ಪಟ್ಟಿಗಳು ಅಲ್ಲಿರಲಿಲ್ಲ. ಹಿಂದೊಮ್ಮೆ ಪ್ಯಾಡ್ ಬದಲಿಸಿದ ಯಾರೋ ತುಕ್ಕು ಹಿಡಿದ ಪಟ್ಟಿಗಳನ್ನು ಎಸೆದು, ಹೊಸವನ್ನು ಹಾಕದೆ ಕೆಲಸ ಮುಗಿಸಿದ್ದರು.

ಬಿಚ್ಚಿದ ಜಾಗದಲ್ಲೆಲ್ಲ ಕಪ್ಪು ಧೂಳು. ಅದನ್ನು ಊದಲು ಹೊರಟ ಹುಡುಗನನ್ನು ಮೇಸ್ತ್ರಿಗಳು ಗದರಿಸಿ, ಒದ್ದೆ ಬಟ್ಟೆಯಿಂದ ಒರೆಸಲು ಹೇಳಿದರು. ಅದಕ್ಕೆ ಹಿನ್ನೆಲೆಯುಂಟು. ಡಿಸ್ಕ್ ಬ್ರೇಕಿಗೆ 1902ರಲ್ಲಿ ಪೇಟೆಂಟ್ ಪಡೆದ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಲೋಹಕ್ಕೆ ಲೋಹವನ್ನೇ ಉಜ್ಜಿಸಿದ್ದನು, ಕಿರುಚಾಟ ಅಸಹನೀಯವಾಗಿದ್ದಿತು. 1907ರಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತನು ಆಸ್‌ಬೆಸ್ಟಾಸಿನ ಹೊದಿಕೆಯನ್ನು ಕೊಟ್ಟು ಅದನ್ನು ಶಾಂತಗೊಳಿಸಿದನು. ಸದ್ದೇನೋ ಅಡಗಿತು. ಆದರೆ ಆ ಹೊದಿಕೆಯ ಧೂಳು ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶದಲ್ಲಿ ಕುಳಿತು, ಹಲವು ವರ್ಷಗಳ ಬಳಿಕ ಪ್ರಾಣಾಂತಕ ರೋಗಗಳನ್ನು ತರುತ್ತದೆಂಬುದು ಲೋಕಕ್ಕೆ ತಡವಾಗಿ ತಿಳಿಯಿತು. ಹಳೆಯ ಬ್ರೇಕಿನ ಧೂಳನ್ನು ಬಾಯಿಯಿಂದಾಗಲಿ ಗಾಳಿಯಿಂದಾಗಲಿ ಎಂದೂ ಊದಬಾರದು.

ಹೊಸ ಪಟ್ಟಿಗಳು ಬಿಡಿಭಾಗದ ಅಂಗಡಿಯಲ್ಲಿ ಒಂದು ಊಟದ ಬೆಲೆಗೂ ಕಡಿಮೆಗೆ ದೊರಕಿದುವು. ಸದ್ದು ಮಾಡುತ್ತಿದ್ದ ಚಕ್ರದ ಕೆಲಸ ಅಲ್ಲಿಗೆ ಮುಗಿದಂತೆಯೇ. ಆದರೆ ಮೇಸ್ತ್ರಿಗಳು ಜಾಕನ್ನು ಬಲಗಡೆಗೆ ಒಯ್ದರು.

“ಆ ಕಡೆಯಿಂದ ಸದ್ದೇ ಇಲ್ಲವಲ್ಲ, ಮೇಸ್ತ್ರಿಗಳೇ?”

“ಜೋಡೆತ್ತಿನಲ್ಲಿ ಒಂದರ ಗೊರಸು ನೋಡಿ ಇನ್ನೊಂದನ್ನು ಬಿಡುತ್ತಾರೆಯೇ, ಮೇಷ್ಟ್ರೇ? ಎಡಕ್ಕೆ ಎಳೆಯುತ್ತದೆ ಎಂದಿರಲ್ಲ. ಎಡಗಡೆಯದು ಚೆನ್ನಾಗಿ ಹಿಡಿಯುತ್ತಿದೆ ಎಂದರೆ ಬಲಗಡೆಯದು ಸರಿಯಾಗಿ ಹಿಡಿಯುತ್ತಿಲ್ಲ.”

ಚಕ್ರವನ್ನು ಕಳಚಿದ ಮೇಲೆ ಕಂಡ ದೃಶ್ಯವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಇಕ್ಕಳವು ಅತ್ತಿತ್ತ ಜಾರುವುದಕ್ಕೆ ಎರಡು ಪಿನ್ನುಗಳಿರುತ್ತವೆ. ಅವುಗಳಲ್ಲೊಂದರ ರಬ್ಬರ್ ಟೋಪಿ ಹರಿದು, ಮಲೆನಾಡಿನ ಮಳೆನೀರು ಒಳಹೊಕ್ಕು, ಪಿನ್ನು ತುಕ್ಕಿನಿಂದ ಸೇದಿಹೋಗಿದ್ದಿತು. ಇಕ್ಕಳ ಜಾರದೆ ನಿಂತುಬಿಟ್ಟಿದ್ದುದರಿಂದ ಹೊರಗಿನ ಪ್ಯಾಡ್ ಹೆಚ್ಚು ಕಡಿಮೆ ಸುಮ್ಮನೆ ಕುಳಿತಿದ್ದಿತು. ಪಿಸ್ಟನ್ ಕಡೆಯ ಒಳಗಿನ ಪ್ಯಾಡ್ ಒಂದೇ ಎಲ್ಲ ದುಡಿಮೆಯನ್ನೂ ಹೊತ್ತು ಸವೆದಿದ್ದಿತು. ಹೊರಗಿನದರಲ್ಲಿ 6 ಮಿಲಿಮೀಟರ್ ಉಳಿದಿದ್ದರೆ ಒಳಗಿನದರಲ್ಲಿ 1 ಮಿಲಿಮೀಟರ್ ಕೂಡ ಇರಲಿಲ್ಲ. ಇನ್ನೊಂದೆರಡು ಸಲ ಘಾಟಿ ಇಳಿದಿದ್ದರೆ ಬರಿಯ ಕಬ್ಬಿಣವೇ ಬಿಲ್ಲೆಯನ್ನು ಕೆರೆಯುತ್ತಿದ್ದಿತು. ಎಲ್ಲವೂ ಬಿಗಿದುಕೊಂಡಿದ್ದುದರಿಂದ ಅಲ್ಲಿ ಅಲುಗುವುದಕ್ಕೆ ಏನೂ ಇರಲಿಲ್ಲ. ಆದುದರಿಂದ ಸದ್ದೂ ಇರಲಿಲ್ಲ. ನಿರಪಾಯಿಗೆ ಹತ್ತಿರವಾಗಿದ್ದ ಚಕ್ರ ಊರಿಗೆಲ್ಲ ಕೇಳುವಂತೆ ಗೋಳಾಡುತ್ತಿದ್ದಿತು. ಪ್ರಾಣಕ್ಕೇ ಮುಳುವಾಗಲಿದ್ದ ಚಕ್ರ ಮೌನವ್ರತದಲ್ಲಿದ್ದಿತು.

ಮುಂದಿನ ಕೆಲಸಕ್ಕೆ ಒಂದು ಹಗಲು ಹಿಡಿಯಿತು. ಪಿನ್ನುಗಳನ್ನು ಬದಲಿಸಿ, ಹೊಸ ರಬ್ಬರ್ ಟೋಪಿ ತೊಡಿಸಿ, ಬ್ರೇಕಿಗೆಂದೇ ಮಾಡಿದ, ಕಾವು ತಡೆಯುವ ಗ್ರೀಸನ್ನು ಸವರಿದರು. ಸಾಮಾನ್ಯ ಗ್ರೀಸ್ ಕಾವಿಗೆ ಕರಗುವುದಲ್ಲದೆ ರಬ್ಬರನ್ನೂ ಉಬ್ಬಿಸಿ ಕೆಡಿಸುತ್ತದೆ. ಪ್ಯಾಡ್‌ಗಳನ್ನು ಎರಡು ಕಡೆಗೂ ಒಟ್ಟಿಗೆ ಬದಲಿಸಿದರು. ಒಂದೇ ಕಡೆಗೆ ಹೊಸದನ್ನು ಹಾಕಿದರೆ ಎರಡು ಚಕ್ರಗಳ ಹಿಡಿತ ಸಮವಾಗಿರದು. ಬಿಲ್ಲೆಯ ದಪ್ಪವನ್ನು ಅಳೆದು ನೋಡಿದರು. ಬ್ರೇಕಿನ ಎಣ್ಣೆಯನ್ನೂ ಹೊಸದಾಗಿ ತುಂಬಿದರು. ಆ ಎಣ್ಣೆ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 3 ಎಂಬ ದರ್ಜೆಯದು ಹೊಸದಾಗಿರುವಾಗ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕನ್ನು ಎಡೆಬಿಡದೆ ತುಳಿದು ಕಾವೇರಿಸಿದರೆ ಎಣ್ಣೆ ಕುದಿದು ಆವಿಯಾಗುತ್ತದೆ. ಆಗ ಕಾಲು ನೆಲಕ್ಕೆ ತಾಗುತ್ತದೆ, ಕಾರು ನಿಲ್ಲುವುದಿಲ್ಲ. ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಿರಿಯ ಚಾಲಕರ ಮಾತಿಗೆ ಇದೇ ಆಧಾರ.

ಚಕ್ರಗಳನ್ನು ತೊಡಿಸಿ, ನಟ್ಟುಗಳನ್ನು ಎದುರುಬದಿರಾಗಿ ಬಿಗಿದ ಮೇಲೆ ಮೇಸ್ತ್ರಿಗಳು ಕೀಲಿಕೈಯನ್ನು ಕೊಡದೆ ತಾವೇ ಒಳಗೆ ಕುಳಿತು ಬ್ರೇಕನ್ನು ಹಲವು ಬಾರಿ ತುಳಿದರು. ಪ್ಯಾಡ್ ಬದಲಿಸಿದ ಮೇಲೆ ಮೊದಲನೆಯ ತುಳಿತಕ್ಕೆ ಪೆಡಲ್ ಪೊಳ್ಳಾಗಿ ನೆಲಕ್ಕಿಳಿಯುತ್ತದೆ; ಪಿಸ್ಟನ್ ಮುಂದೆ ಬಂದು ಪ್ಯಾಡ್ ಬಿಲ್ಲೆಯನ್ನು ಮುಟ್ಟಿದ ಮೇಲೆಯೇ ಅದು ಗಟ್ಟಿಯಾಗುವುದು. ಇದನ್ನು ಮರೆತು ಕಾರನ್ನು ಹೊರಡಿಸಿದವರು ಮೊದಲ ಗೋಡೆಯ ಬಳಿ ಈ ಪಾಠವನ್ನು ಕಲಿಯುತ್ತಾರೆ. ಅನಂತರ ಬರಿದಾದ ರಸ್ತೆಯಲ್ಲಿ ಹತ್ತಾರು ಬಾರಿ ಮೆಲ್ಲನೆ ನಿಲ್ಲಿಸಿ ಹೊಸ ಪ್ಯಾಡ್‌ಗಳನ್ನು ಪಳಗಿಸಿದೆವು. ಕಟಕಟ ಇರಲಿಲ್ಲ. ಎಡಕ್ಕೆ ಎಳೆಯುವ ಚಾಳಿಯೂ ಬಿಟ್ಟುಹೋಗಿದ್ದಿತು.

ಸಂಜೆ ಈ ಕಥೆಯನ್ನೆಲ್ಲ ಕೇಳಿದ ಅಕ್ಕ, “ನನ್ನ ಕಣ್ಣಿನದೂ ಇದೇ ಕಥೆಯಲ್ಲವೇನೋ” ಎಂದಳು. ನಿಜವೇ. ಎಡಗಣ್ಣು ಮಂಜಾಗಿದೆಯೆಂದು ನಾಲ್ಕು ವರ್ಷಗಳ ಹಿಂದೆ ವೈದ್ಯರಲ್ಲಿಗೆ ಹೋದಾಗ ಅದು ಬರಿಯ ಪೊರೆಯೆಂದು ತಿಳಿಯಿತು. ಶಸ್ತ್ರಚಿಕಿತ್ಸೆಯಿಂದ ಗುಣವೂ ಆಯಿತು. ಆದರೆ ಆ ವೈದ್ಯರು ಅಷ್ಟಕ್ಕೆ ನಿಲ್ಲದೆ, ಯಾವ ದೂರನ್ನೂ ಹೇಳದ ಬಲಗಣ್ಣಿನ ಒತ್ತಡವನ್ನೂ ಅಳೆದು, ಅದರ ನರವನ್ನೂ ನೋಡಿದ್ದರು. ಅಲ್ಲಿದ್ದುದು ಗ್ಲಾಕೋಮಾ. ಬಹುಮಟ್ಟಿಗೆ ನೋವಿಲ್ಲದೆ, ಸುಳಿವಿಲ್ಲದೆ ಅಂಚಿನಿಂದ ದೃಷ್ಟಿಯನ್ನು ಕಬಳಿಸುವ ರೋಗವದು. ಹೋದ ದೃಷ್ಟಿ ಮರಳುವುದಿಲ್ಲ. ಉಳಿದುದನ್ನು ಔಷಧದ ಹನಿಗಳು ಕಾಪಾಡುತ್ತಿವೆ. ನಮ್ಮ ಮಂಗಳೂರಿನ ಪ್ರಯಾಣಗಳೆಲ್ಲ ಅದರ ಸಲುವಾಗಿಯೇ.

ಸದ್ದು ಮಾಡುವುದನ್ನು ನಾವು ಶತ್ರುವೆಂದು ಬಗೆದು ಅದರ ಬಾಯಿ ಮುಚ್ಚಿಸಲು ಹೊರಡುತ್ತೇವೆ. ಸದ್ದಾದರೋ ಬಾಗಿಲು ಬಡಿಯುವ ಅಂಚೆಯವನಂತೆ. ತಂದ ಸಮಾಚಾರವನ್ನು ಓದಿಕೊಳ್ಳಬೇಕಾದವರು ನಾವು. ಆದುದರಿಂದ ಹಳೆಯ ಕಾರನ್ನು ಸಾಕಿರುವ ಓದುಗರಲ್ಲಿ ನನ್ನದೊಂದೇ ವಿಜ್ಞಾಪನೆ. ಕಟಕಟ ಎಂದ ಚಕ್ರವನ್ನು ದುರಸ್ತಿ ಮಾಡಿಸಿ ತೃಪ್ತರಾಗಬೇಡಿರಿ. ಅದಕ್ಕೆ ಎದುರಾಗಿರುವ, ಏನನ್ನೂ ಹೇಳದ ಚಕ್ರವನ್ನೂ ಅಂದೇ ಬಿಚ್ಚಿಸಿ ನೋಡಿರಿ.