ಜನ ಎಷ್ಟು?

ಈ ಸಂಚಿಕೆಗೆ ಗೆಳೆಯರು ಹಲವರು ಪ್ರವಾಸದ ಅನುಭವ ಬರೆದುಕೊಟ್ಟಿದ್ದಾರೆ. ನಾನು ಪ್ರವಾಸಕ್ಕೆ ಹೋದವನಲ್ಲ. ಅದಕ್ಕೆಂದು ಕೂಡಿಟ್ಟ ಹಣ ದೋಣಿಯ ಸಾಲಕ್ಕೆ ಹೋಯಿತು. ಆ ದೋಣಿಯೂ ಈಗ ಇಲ್ಲ. ಆದುದರಿಂದ ಅದರ ವಿಷಯವನ್ನೇ ಬರೆಯುತ್ತೇನೆ. ವಾಚಕರು ಬೇಸರಪಡಬಾರದು.

ನಮ್ಮ ಮನೆ ಅಘನಾಶಿನಿ ಹೊಳೆ ಕಡಲನ್ನು ಕೂಡುವ ಅಳಿವೆಯ ಹತ್ತಿರ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪನಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಊರಿಗೆ ಊರೇ ಎಂಜಿನ್ ಹಾಕಿಸಿದರೂ ಅವನು ಹಾಯಿ ಬಿಡಲಿಲ್ಲ. ಬೆಳಗಿನ ಜಾವ ನೆಲದ ಗಾಳಿ ದೋಣಿಯನ್ನು ಕಡಲಿಗೆ ಒಯ್ಯುತ್ತದೆ, ಮಧ್ಯಾಹ್ನದ ಮೇಲೆ ಕಡಲಗಾಳಿ ದಡಕ್ಕೆ ತರುತ್ತದೆ, ಇವೆರಡಕ್ಕೂ ದುಡ್ಡು ಕೊಡಬೇಕಾಗಿಲ್ಲ ಎಂಬುದು ಅವನ ವಾದ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದಕ್ಕೆ ಪ್ರತಿವಾದ ಹೊಳೆದಿಲ್ಲ.

ನಾನು ಬಿ.ಎ. ಮೊದಲನೆಯ ವರ್ಷದಲ್ಲಿದ್ದಾಗ, ದಸರೆ ಮುಗಿದ ವಾರ, ಘಟ್ಟದ ಕಡೆಯಿಂದ ಮೋಡ ಎದ್ದು ಗಾಳಿ ತಲೆಕೆಳಗಾಯಿತು. ದಡಕ್ಕೆ ತರಬೇಕಾದ ಹೊತ್ತಿನಲ್ಲಿ ಅದು ದೋಣಿಯನ್ನು ಪಡುವಣಕ್ಕೆ ದೂಡಿತು. ಹಾಯಿಕಂಬ ಬುಡದಲ್ಲಿ ಮುರಿಯಿತು, ಚುಕ್ಕಾಣಿ ಕಿತ್ತುಹೋಯಿತು. ಅಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಫೋನಿನಿಂದ ಇಷ್ಟನ್ನು ಹೇಳಿದ. ಆಮೇಲೆ ಅದು ಸತ್ತಿತು. ನಾನು ಸಹಾಯದ ಸಂಖ್ಯೆಗೆ ಕರೆ ಮಾಡಿದೆ.

“ಜನ ಎಷ್ಟು?” ಎಂದು ಆ ಕಡೆಯವರು ಕೇಳಿದರು.

“ಹದಿನೆಂಟು ಅಡಿಯ ದೋಣಿ ಸಾರ್, ಸಾಲ ಇನ್ನೂ ತೀರಿಲ್ಲ” ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

“ಜನ ಎಷ್ಟು, ಅದನ್ನು ಹೇಳಿ.”

ಇಬ್ಬರು. ಅಪ್ಪ ಮತ್ತು ಚಿಕ್ಕಪ್ಪ.

ಕತ್ತಲಾಗುವ ಮುಂಚೆ ಅವರನ್ನು ಎತ್ತಿಕೊಂಡದ್ದು ಸಮೀಪದಲ್ಲಿದ್ದ ಒಂದು ಟ್ರಾಲ್ ದೋಣಿ. ಅವರಿಗೆ ವಯರ್‌ಲೆಸ್ಸಿನಲ್ಲಿ ಸುದ್ದಿ ಮುಟ್ಟಿತ್ತು. ಅಪ್ಪ ಹಗ್ಗ ಹಿಡಿದು ನಿಂತು, ದೋಣಿಯನ್ನೂ ಎಳೆಯಿರಿ ಎಂದು ಅಂಗಲಾಚಿದನಂತೆ. ಆ ತೆರೆಯಲ್ಲಿ ಎಳೆದರೆ ಎರಡೂ ಹೋಗುತ್ತವೆ ಎಂದು ಅವರು ಹಗ್ಗ ಕೊಯ್ದರು. ಅಪ್ಪ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಆಯಿಗೆ ಬೇರೆಯೇ ಚಿಂತೆ. “ಹುಡುಕಿದ್ದಕ್ಕೆ ಬಿಲ್ಲು ಎಷ್ಟು ಕಳಿಸ್ತಾರೋ, ತಮ್ಮಾ?” ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳಿದಳು. ನಾನು ಓದಿದವನಲ್ಲವೇ! ನನಗೂ ತಿಳಿದಿರಲಿಲ್ಲ.

ತಿಳಿದುಕೊಂಡದ್ದು ಆಮೇಲೆ. 1979ರಲ್ಲಿ ಹ್ಯಾಂಬರ್ಗಿನಲ್ಲಿ ಒಪ್ಪಿದ ಕಡಲ ಹುಡುಕಾಟ ಮತ್ತು ರಕ್ಷಣೆಯ ಒಡಂಬಡಿಕೆ ಒಂದಿದೆ. ಅದರಲ್ಲಿ ರಕ್ಷಣೆ ಎಂದರೆ ಅಪಾಯದಲ್ಲಿದ್ದ ಮನುಷ್ಯರನ್ನು ಎತ್ತಿಕೊಳ್ಳುವುದು, ಮೊದಲ ಚಿಕಿತ್ಸೆ ಮುಂತಾದ್ದನ್ನು ಕೊಡುವುದು, ಸುರಕ್ಷಿತ ಸ್ಥಳಕ್ಕೆ ಮುಟ್ಟಿಸುವುದು. ದೋಣಿಯ ಮಾತೇ ಇಲ್ಲ. ದೋಣಿಯನ್ನು ಉಳಿಸುವುದು ಬೇರೆ ವ್ಯವಹಾರ. ಅದಕ್ಕೆ 1989ರ ಇನ್ನೊಂದು ಒಡಂಬಡಿಕೆ. ವಸ್ತುವನ್ನು ಉಳಿಸಿಕೊಟ್ಟವನಿಗೆ ಪ್ರತಿಫಲ ಉಂಟು, ಉಳಿಯದಿದ್ದರೆ ಸಾಮಾನ್ಯವಾಗಿ ಇಲ್ಲ. ಆದರೆ ಜೀವ ಉಳಿದವನು ತನ್ನ ಜೀವಕ್ಕಾಗಿ ಏನೂ ಕೊಡಬೇಕಾಗಿಲ್ಲ. ಇದನ್ನು ಹೇಳಿದ ರಾತ್ರಿ ಆಯಿ ಸರಿಯಾಗಿ ಉಂಡಳು.

ಅಪ್ಪನಿಗೆ ಕಾನೂನು ಹಿಡಿಸಲಿಲ್ಲ. ಅವನಿಗೆ ನಾನು ನೌಕಾಪಡೆಯ ಅಭಿಲಾಷ್ ಟಾಮಿಯವರ ಕಥೆ ಹೇಳಿದೆ. ಒಬ್ಬರೇ, ಎಲ್ಲಿಯೂ ನಿಲ್ಲದೆ, ಹಾಯಿಯ ಮೇಲೆ ಭೂಮಿಯನ್ನು ಸುತ್ತಿದ ಮೊದಲ ಭಾರತೀಯರು ಅವರು, ಅದು 2013ರಲ್ಲಿ. 2018ರ ಜುಲೈ 1ರಂದು ಫ್ರಾನ್ಸಿನಿಂದ ಹೊರಟ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ಅವರ ದೋಣಿ ‘ತುರಿಯಾ’, 32 ಅಡಿಯದು, ನಮ್ಮ ನೆರೆಯ ಗೋವೆಯಲ್ಲೇ ಕಟ್ಟಿದ್ದು. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ, ಆಸ್ಟ್ರೇಲಿಯಾದ ಪರ್ತ್ ನಗರದಿಂದ ಸುಮಾರು 1,900 ಕಡಲಮೈಲಿ ದೂರದಲ್ಲಿ, ಬಿರುಗಾಳಿ ಅದನ್ನು ಮಗುಚಿ ಹಾಯಿಕಂಬ ಮುರಿಯಿತು. ಅವರ ಬೆನ್ನುಮೂಳೆಗೆ ಪೆಟ್ಟು ಬಿದ್ದು ಏಳಲಾರದೆ ಮಲಗಿದರು. ಮಾರಿಷಸ್ಸಿನಿಂದ ಹಾರಿದ ನಮ್ಮ ನೌಕಾಪಡೆಯ ವಿಮಾನ ದೋಣಿಯನ್ನು ಕಂಡಿತು. ಅದೇ ಪಂದ್ಯದಲ್ಲಿದ್ದ ಐರ್ಲೆಂಡಿನವರೊಬ್ಬರು, ತಮ್ಮ ದೋಣಿಯ ಕಂಬವೂ ಮುರಿದಿದ್ದರೂ, ತೇಪೆಯ ಹಾಯಿ ಕಟ್ಟಿಕೊಂಡು ಇವರ ಕಡೆಗೆ ಬರತೊಡಗಿದರು. 24ರಂದು ಇವರನ್ನು ಎತ್ತಿಕೊಂಡದ್ದು ‘ಒಸಿರಿಸ್’ ಎಂಬ ಫ್ರಾನ್ಸಿನ ಮೀನುಗಾರಿಕೆ ಕಾವಲು ಹಡಗು.

“ಮೀನಿನ ಹಡಗೇ?” ಎಂದ ಅಪ್ಪ, ಗೋಡೆಯಿಂದ ತಿರುಗಿ.

“ಹೂಂ. ಹತ್ತಿರ ಇದ್ದದ್ದು ಅದು.”

“ದೋಣಿ?”

“ಕಡಲಲ್ಲೇ ಬಿಟ್ಟರು.”

ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ದೇಶದೇಶದ ವಿಮಾನ ಹಡಗುಗಳು ಹೋಗಿಯೂ ತರಲಾಗದ ದೋಣಿ ಒಂದಿದೆ ಎಂಬುದು ಅವನಿಗೆ ಸಮಾಧಾನವಾಯಿತೋ ದುಃಖವಾಯಿತೋ ನಾನರಿಯೆ. ಮರುದಿನ ಎದ್ದು ಬಲೆ ಬಿಡಿಸಲು ಕುಳಿತ. ಟಾಮಿಯವರು ಮತ್ತೆ ಅದೇ ಪಂದ್ಯಕ್ಕೆ ಹೋಗಿ 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ಬಂದುದನ್ನೂ ಹೇಳಿದೆ. “ಅವರಿಗೆ ಇನ್ನೊಂದು ದೋಣಿ ಸಿಕ್ತು” ಎಂದಷ್ಟೇ ಅಂದ. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಒಂದು ಸಂಗತಿ ನನ್ನ ನೆರೆಯವರೂ ಅರಿಯರು, ಆದುದರಿಂದ ಇಲ್ಲಿ ಬರೆಯುತ್ತೇನೆ. ದೋಣಿ ಬಿಟ್ಟು ಬಂದಮೇಲೆ, ಅದು ಖಾಲಿಯಾಗಿ ತೇಲುತ್ತಿದೆ ಎಂದು ಮತ್ತೆ ತಿಳಿಸಬೇಕು. ಇಲ್ಲವಾದರೆ ಅದನ್ನು ಕಂಡವರು ಇಲ್ಲದ ಮನುಷ್ಯರನ್ನು ಹುಡುಕತೊಡಗುತ್ತಾರೆ. ರಾತ್ರಿ ಬೇರೊಂದು ದೋಣಿ ಅದಕ್ಕೆ ಬಡಿಯಲೂಬಹುದು. ಹಡಗುಗಳಿಗೆ ಇಂಥ ಎಚ್ಚರಿಕೆ ಕೊಡುವ ಏರ್ಪಾಡಿದೆ. ಸಾಗರದ ನಮ್ಮ ಭಾಗಕ್ಕೆ ಅದರ ಹೊಣೆ ಹಿಮಾಲಯದ ಬುಡದ ಡೆಹರಾಡೂನಿನಲ್ಲಿರುವ ಜಲಮಾಪನ ಕಚೇರಿಯದು. ಇದನ್ನು ಕೇಳಿ ಚಿಕ್ಕಪ್ಪ ನಕ್ಕದ್ದೇ ನಕ್ಕದ್ದು.

ಅಪ್ಪ ಈಗ ಬೇರೆಯವರ ಎಂಜಿನ್ ದೋಣಿಯಲ್ಲಿ ಕೂಲಿಗೆ ಹೋಗುತ್ತಾನೆ. ನನ್ನ ಕೊನೆಯ ವರ್ಷದ ಫೀಜು ಆ ಕೂಲಿಯದು. ಹೋದ ತಿಂಗಳು ಧನಿಗಳನ್ನು ಕೇಳಿ ಬಣ್ಣದ ಡಬ್ಬಿ ತಂದು, ದೋಣಿಯ ಒಳಮೈಯಲ್ಲಿ 1554 ಎಂದು ಬರೆಯಲು ನನಗೆ ಹೇಳಿದ. ಅದು ಕರಾವಳಿ ಕಾವಲು ಪಡೆಯ ಸಂಖ್ಯೆ. ಬರೆದೆ. ನೋಡಿ, “ಸಣ್ಣದಾಯ್ತು, ದೊಡ್ಡದಾಗಿ ಬರೆ” ಎಂದ. ದೊಡ್ಡದಾಗಿ ಬರೆದೆ. ಅದರ ಕೆಳಗೆ, ಅವನೇ ಕುಂಚ ತೆಗೆದುಕೊಂಡು, ಆ ದೋಣಿಗೆ ಹೋಗುವವರ ಲೆಕ್ಕವಾದ 5 ಎಂಬ ಅಂಕಿಯನ್ನು ನಿಧಾನವಾಗಿ ತಿದ್ದಿದ.